ಹೊಲದಂಚಿನಲ್ಲಿ ಸಿಕ್ಕ ಬೆಳ್ಳಿ ನಾಣ್ಯ: ಮೇಲೆ 1573 ಅಂತಿದ್ದರೆ ಬಿದ್ದದ್ದೂ 1573ರಲ್ಲೇನಾ?

ಪ್ರಶ್ನೆ: ನಾವು ಇಂಗ್ಲೆಂಡಿನ ಕೆಂಟ್ ಕಡೆಯ ಒಂದು ಹಳ್ಳಿಯಲ್ಲಿದ್ದೇವೆ. ಮಳೆ ನಿಂತ ಮೇಲೆ ಉತ್ತ ಹೊಲದ ಪಕ್ಕದ ಕಾಲುದಾರಿಯಲ್ಲಿ ಹೋಗುವಾಗ ಮಗಳಿಗೆ ಒಂದು ತೆಳ್ಳನೆಯ ಬೆಳ್ಳಿ ಬಿಲ್ಲೆ ಸಿಕ್ಕಿತು. ಒಂದು ಕಡೆ ಕಿರೀಟ ಇಟ್ಟ ಹೆಂಗಸಿನ ಮುಖ, ತಲೆಯ ಹಿಂದೆ ಒಂದು ಹೂವು. ಇನ್ನೊಂದು ಕಡೆ ಗುರಾಣಿ, ಅದರ ಮೇಲೆ 1573. ಸರಿಯಾಗಿ ದುಂಡಗಿಲ್ಲ, ಸ್ವಲ್ಪ ಬಾಗಿದೆ. ಅಡ್ಡ ಅಳತೆ 25 ಮಿಲಿಮೀಟರ್, ತೂಕ 2.7 ಗ್ರಾಂ. ಇದು ಅಸಲಿಯಾ? ಬೆಲೆ ಎಷ್ಟಾಗಬಹುದು? ನಾವೇ ಇಟ್ಟುಕೊಳ್ಳಬಹುದಾ, ಊರಿಗೆ ಒಯ್ಯಬಹುದಾ? ಅತ್ತೆ ಪೀತಾಂಬರಿ ಹಾಕಿ ತಿಕ್ಕಿ ಕೊಡ್ತೀನಿ ಅಂತಿದ್ದಾರೆ. ಮಗಳಿಗೆ ಮಾತ್ರ ಒಂದೇ ಕುತೂಹಲ: ಇಂಥ ನಾಣ್ಯ ನಮ್ಮ ದೇಶಕ್ಕೂ ಬಂದಿತ್ತಾ?

ಉತ್ತರ: ಮೊದಲು ಅತ್ತೆಯವರನ್ನು ತಡೆಯಿರಿ. ಮಿಕ್ಕದ್ದೆಲ್ಲ ಆಮೇಲೆ.

ಹಬ್ಬದ ಹಿಂದಿನ ದಿನ ದೀಪದ ಕಂಬ ತಿಕ್ಕುವುದಕ್ಕೆ ಪೀತಾಂಬರಿ, ವಿಭೂತಿ, ಹುಣಸೆಹಣ್ಣು ಎಲ್ಲ ಸರಿ. ಈ ನಾಣ್ಯಕ್ಕೆ ಅವು ಯಾವುದೂ ಬೇಡ. ಟೂತ್‌ಪೇಸ್ಟ್, ನಿಂಬೆಹಣ್ಣು, ಅಡುಗೆ ಸೋಡಾ ಕೂಡ ಬೇಡ. ಮಣ್ಣಿನಲ್ಲಿ ಶತಮಾನಗಟ್ಟಲೆ ಬಿದ್ದಿದ್ದ ಬೆಳ್ಳಿಯ ಮೇಲೆ ಬೂದು ಬಣ್ಣದ ಒಂದು ಪದರ ಕೂತಿರುತ್ತದೆ. ಅಕ್ಷರದ ಅಂಚು, ಕೂದಲಿನ ಗೆರೆ, ಹೂವಿನ ಎಸಳು ಎಲ್ಲ ಆ ಪದರದ ಮಟ್ಟದಲ್ಲೇ ಉಳಿದಿರುತ್ತವೆ. ತಿಕ್ಕಿದರೆ ಮೊದಲು ಹೋಗುವುದೇ ಅವು. ಡಿಸ್ಟಿಲ್ಡ್ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಸಡಿಲವಾದ ಮಣ್ಣು ತಾನಾಗಿ ಬಿಟ್ಟರೆ ಬಿಡಲಿ. ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಬಾಗಿದ್ದನ್ನು ನೇರ ಮಾಡಲೂ ಹೋಗಬೇಡಿ. ನೆಲದಲ್ಲಿದ್ದ ಹಳೆ ಬೆಳ್ಳಿ ಪೆಡಸಾಗಿರುತ್ತದೆ, ಬೆರಳಲ್ಲಿ ಒತ್ತಿದರೂ ಫಟ್ ಅಂತ ಮುರಿಯಬಹುದು.

ಇನ್ನು ನಾಣ್ಯಕ್ಕೆ ಬರೋಣ. ನೀವು ಕೊಟ್ಟ ಗುರುತುಗಳನ್ನು ನೋಡಿದರೆ ಇದು ಒಂದನೇ ಎಲಿಜಬೆತ್ ರಾಣಿಯ ಕಾಲದ ಸಿಕ್ಸ್‌ಪೆನ್ಸ್, ಅಂದರೆ ಆರು ಪೆನ್ನಿಯ ಬೆಳ್ಳಿ ನಾಣ್ಯ. ಇದನ್ನು ಹೇಳಿಬಿಡುವುದು ಆ ಹೂವು. ಅದು ಗುಲಾಬಿ. ಅಂದಕ್ಕೆ ಹಾಕಿದ್ದಲ್ಲ, ಲೆಕ್ಕಕ್ಕೆ ಹಾಕಿದ್ದು.

ಆಗ ಬೆಳ್ಳಿ ನಾಣ್ಯಗಳ ಮೇಲೆ ಮೌಲ್ಯ ಬರೆಯುತ್ತಿರಲಿಲ್ಲ. ಶಿಲಿಂಗ್ ಎನ್ನುವ ಹನ್ನೆರಡು ಪೆನ್ನಿ, ಆರು ಪೆನ್ನಿ, ಗ್ರೋಟ್ ಎನ್ನುವ ನಾಲ್ಕು ಪೆನ್ನಿ, ಮೂರು ಪೆನ್ನಿ, ಎರಡು ಪೆನ್ನಿ, ಒಂದೂವರೆ ಪೆನ್ನಿ, ಒಂದು ಪೆನ್ನಿ, ಮುಕ್ಕಾಲು ಪೆನ್ನಿ: ಎಲ್ಲದರ ಮೇಲೂ ಅದೇ ರಾಣಿ, ಅದೇ ಗುರಾಣಿ. ಗಾತ್ರದಲ್ಲಿ ಒಂದಕ್ಕೂ ಪಕ್ಕದ್ದಕ್ಕೂ ವ್ಯತ್ಯಾಸ ತೀರಾ ಕಡಿಮೆ. ಸಂತೆಯ ಗಡಿಬಿಡಿಯಲ್ಲಿ ಮೂರು ಪೆನ್ನಿಯನ್ನು ನಾಲ್ಕು ಅಂತ ದಾಟಿಸಿಬಿಡುವುದು ಸುಲಭ. ಅದಕ್ಕೇ 1561ರಲ್ಲಿ ಹೊಸ ನಾಣ್ಯಗಳು ಬಂದಾಗ ಒಂದು ಬಿಟ್ಟು ಒಂದಕ್ಕೆ ಗುಲಾಬಿ ಇಟ್ಟರು. ಆರು, ಮೂರು, ಒಂದೂವರೆ, ಮುಕ್ಕಾಲು ಪೆನ್ನಿಗೆ ಗುಲಾಬಿಯೂ ಇದೆ, ಇಸವಿಯೂ ಇದೆ. ಶಿಲಿಂಗ್, ಗ್ರೋಟ್, ಎರಡು ಪೆನ್ನಿ, ಒಂದು ಪೆನ್ನಿಗೆ ಎರಡೂ ಇಲ್ಲ. ಓದು ಬಾರದವರೂ ಹೂವು ನೋಡಿ ಹಣ ಎಣಿಸಬಹುದಿತ್ತು.

ಮುಕ್ಕಾಲು ಪೆನ್ನಿಯಂಥ ವಿಚಿತ್ರ ನಾಣ್ಯ ಯಾಕೆ ಬೇಕಿತ್ತು ಅಂತ ಕೇಳಬಹುದು. ಕಾಲು ಪೆನ್ನಿಯ ಸಾಮಾನು ಕೊಳ್ಳುವವರು ಬೇಕಾದಷ್ಟು ಜನ ಇದ್ದರು. ಆದರೆ ಕಾಲು ಪೆನ್ನಿಯ ಬೆಳ್ಳಿ ಅಂದರೆ ಉಗುರಿಗೆ ಸಿಕ್ಕದಷ್ಟು ಚಿಕ್ಕದು. ಆದ್ದರಿಂದ ಒಂದು ಪೆನ್ನಿ ಕೊಟ್ಟು ಮುಕ್ಕಾಲು ಪೆನ್ನಿ ಚಿಲ್ಲರೆ ತೆಗೆದುಕೊಂಡರೆ ಲೆಕ್ಕ ಸರಿಹೋಗುತ್ತಿತ್ತು. ಟಂಕಸಾಲೆಯವರ ತಲೆ ಚೆನ್ನಾಗಿಯೇ ಓಡಿದೆ.

ನಿಮ್ಮ ನಾಣ್ಯದ ಅಂಚಿನ ಬರಹವನ್ನು ಓರೆ ಬೆಳಕಿನಲ್ಲಿ ನೋಡಿ. ಮುಖದ ಬದಿಯಲ್ಲಿ ಲ್ಯಾಟಿನ್ ಪದಗಳನ್ನು ಮೊಟಕು ಮಾಡಿ ಬರೆದಿರುತ್ತದೆ. ‘ಎಲಿಜಬೆತ್’ ಅಂತ ಶುರುವಾಗಿ ‘ರೆಜಿನಾ’ ಅಂತ ಮುಗಿಯುತ್ತದೆ. ದೇವರ ಕೃಪೆಯಿಂದ ಇಂಗ್ಲೆಂಡ್, ಫ್ರಾನ್ಸ್ ಮತ್ತು ಐರ್ಲೆಂಡಿನ ರಾಣಿ ಎಲಿಜಬೆತ್ ಎಂದು ಅದರ ಅರ್ಥ. ಫ್ರಾನ್ಸ್ ಎಲ್ಲಿಂದ ಬಂತು ಅಂತೀರಾ? ಅಲ್ಲಿ ಇಂಗ್ಲೆಂಡಿಗೆ ಕೊನೆಗೆ ಉಳಿದಿದ್ದ ಕ್ಯಾಲೆ ಪಟ್ಟಣವೂ 1558ರ ಜನವರಿಯಲ್ಲಿ ಕೈಬಿಟ್ಟಿತ್ತು. ಎಲಿಜಬೆತ್ ಪಟ್ಟಕ್ಕೆ ಬಂದದ್ದು ಅದೇ ವರ್ಷದ ನವೆಂಬರಿನಲ್ಲಿ. ನೆಲ ಹೋದರೂ ಬಿರುದು ಬಿಡಲಿಲ್ಲ. ಗುರಾಣಿಯ ನಾಲ್ಕು ಭಾಗಗಳಲ್ಲಿ ಎರಡರಲ್ಲಿ ಫ್ರಾನ್ಸಿನ ಲಿಲಿ ಹೂ, ಎರಡರಲ್ಲಿ ಇಂಗ್ಲೆಂಡಿನ ಸಿಂಹಗಳು ಇರುವುದೂ ಅದಕ್ಕೇ. ಗುರಾಣಿಯ ಬದಿಯ ಬರಹದ ಅರ್ಥ ‘ದೇವರನ್ನು ನನ್ನ ಸಹಾಯಕನನ್ನಾಗಿ ಮಾಡಿಕೊಂಡಿದ್ದೇನೆ’ ಎಂದು.

ಬರಹ ಶುರುವಾಗುವ ಜಾಗದಲ್ಲಿ, ಕಿರೀಟದ ನೆತ್ತಿಯ ಹತ್ತಿರ, ಒಂದು ಪುಟ್ಟ ಚಿತ್ರ ಹುಡುಕಿ. ಇದು ಟಂಕಸಾಲೆಯ ಗುರುತು. 1573ರ ನಾಣ್ಯವಾದರೆ ಅಲ್ಲಿ ಓಕ್ ಮರದ ಕಾಯಿ ಇರಬಹುದು, ಇಲ್ಲವೇ ಅರ್ಮಿನ್ ಎಂಬ ಬಿಳಿ ತುಪ್ಪಳದ ಚುಕ್ಕೆಯ ಗುರುತು ಇರಬಹುದು. ಇದರ ಹಿಂದೆ ಒಂದು ಕಟ್ಟುನಿಟ್ಟಿನ ಏರ್ಪಾಡಿತ್ತು. ಲಂಡನ್ ಟವರಿನೊಳಗಿದ್ದ ಟಂಕಸಾಲೆಯಲ್ಲಿ ಹೊಡೆದ ನಾಣ್ಯಗಳಲ್ಲಿ ಕೆಲವನ್ನು ಆಗಾಗ ತೆಗೆದು ಪಿಕ್ಸ್ ಎಂಬ ಪೆಟ್ಟಿಗೆಗೆ ಹಾಕುತ್ತಿದ್ದರು. ಕೆಲ ಕಾಲದ ಮೇಲೆ ಅಕ್ಕಸಾಲಿಗರ ತಂಡವೊಂದು ಆ ಪೆಟ್ಟಿಗೆ ತೆರೆದು ತೂಕ ನೋಡಿ, ಕರಗಿಸಿ, ಬೆಳ್ಳಿ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡುತ್ತಿತ್ತು. ಪರೀಕ್ಷೆ ಮುಗಿದರೆ ಗುರುತು ಬದಲು. ತಪ್ಪು ಸಿಕ್ಕಿದರೆ ಯಾವ ಅವಧಿಯ ನಾಣ್ಯ, ಹೊಣೆ ಯಾರು ಅಂತ ಥಟ್ಟನೆ ಗೊತ್ತಾಗಬೇಕಲ್ಲ. ಆ ಪರೀಕ್ಷೆ ಇವತ್ತಿಗೂ ಲಂಡನ್ನಿನಲ್ಲಿ ನಡೆಯುತ್ತದೆ.

ಇಷ್ಟು ಬಿಗಿ ಯಾಕೆಂದರೆ ಅದರ ಹಿಂದಿನ ಅನುಭವ ಕಹಿಯಾಗಿತ್ತು. ಎಲಿಜಬೆತ್‌ಳ ಅಪ್ಪ ಎಂಟನೇ ಹೆನ್ರಿ ಯುದ್ಧದ ಖರ್ಚಿಗಾಗಿ 1544ರಿಂದ ನಾಣ್ಯಕ್ಕೆ ತಾಮ್ರ ಬೆರೆಸುತ್ತಾ ಹೋದ. ಕೆಲವೇ ವರ್ಷಗಳಲ್ಲಿ ಬೆಳ್ಳಿ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಅವನ ಮಗ ಆರನೇ ಎಡ್ವರ್ಡ್‌ನ ಕಾಲದಲ್ಲಿ ನಾಲ್ಕರಲ್ಲಿ ಒಂದು ಪಾಲಿಗೂ ಬಂತು. ಹೆನ್ರಿಯ ಮುಖ ಎದುರಿಗೆ ನೋಡುವ ಹಾಗಿದ್ದ ನಾಣ್ಯಗಳಲ್ಲಿ ಮೂಗೇ ಎಲ್ಲಕ್ಕಿಂತ ಮುಂದೆ ಚಾಚಿರುತ್ತಿತ್ತು. ಮೊದಲು ಸವೆಯುತ್ತಿದ್ದದ್ದೂ ಅದೇ. ಸವೆದಾಗ ಒಳಗಿನ ಕೆಂಪು ಕಾಣುತ್ತಿತ್ತು. ಜನ ರಾಜನಿಗೆ ‘ತಾಮ್ರಮೂಗಿನ ಮುದುಕ’ ಅಂತ ಹೆಸರಿಟ್ಟರು. ಎಲಿಜಬೆತ್ ಬಂದ ಮೇಲೆ 1560 ಮತ್ತು 1561ರಲ್ಲಿ ಆ ಕಲಬೆರಕೆ ಹಣವನ್ನೆಲ್ಲ ವಾಪಸು ತೆಗೆದುಕೊಂಡು ಒಳ್ಳೆಯ ಬೆಳ್ಳಿಯಲ್ಲಿ ಹೊಸದಾಗಿ ಹೊಡೆಸಿದಳು. ಸ್ಟರ್ಲಿಂಗ್ ಮಟ್ಟ, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ನಿಮ್ಮ ನಾಣ್ಯ ಮಣ್ಣಿನಲ್ಲಿದ್ದೂ ಮುಖ ಉಳಿಸಿಕೊಂಡಿದ್ದರೆ ಅದಕ್ಕೆ ಇದೇ ಕಾರಣ.

ದುಂಡಗಿಲ್ಲ ಅಂದಿರಲ್ಲ, ಅದು ಒಳ್ಳೆಯ ಲಕ್ಷಣ. ಇದು ಸುತ್ತಿಗೆಯಿಂದ ಹೊಡೆದ ನಾಣ್ಯ. ಬೆಳ್ಳಿ ಕರಗಿಸಿ ಪಟ್ಟಿ ಎರೆಯುತ್ತಿದ್ದರು. ಪಟ್ಟಿಯನ್ನು ಬಡಿದು ತೆಳ್ಳಗೆ ಮಾಡಿ, ತುಂಡು ಕತ್ತರಿಸಿ, ಕತ್ತರಿಯಲ್ಲೇ ಮೂಲೆ ತೆಗೆದು ದುಂಡಗೆ ಮಾಡುತ್ತಿದ್ದರು. ಕೆಳಗಿನ ಅಚ್ಚಿಗೆ ಚೂಪಾದ ಬಾಲ ಇರುತ್ತಿತ್ತು, ಅದನ್ನು ಮರದ ದಿಮ್ಮಿಗೆ ಜಡಿದಿರುತ್ತಿದ್ದರು. ಬಿಲ್ಲೆಯನ್ನು ಅದರ ಮೇಲಿಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು, ಸುತ್ತಿಗೆಯಿಂದ ಬಲವಾಗಿ ಹೊಡೆಯುವುದು. ಪೆಟ್ಟು ತಿನ್ನುವ ಮೇಲಿನ ಅಚ್ಚು ಬೇಗ ಹಾಳಾಗುತ್ತಿತ್ತು. ಕೆಳಗಿನ ಒಂದು ಅಚ್ಚು ಸವೆಯುವಷ್ಟರಲ್ಲಿ ಮೇಲಿನವು ಎರಡು ಮೂರು ಬದಲಾಗಿರುತ್ತಿದ್ದವು.

ಈ ಕೆಲಸದ ಗುರುತುಗಳೆಲ್ಲ ನಿಮ್ಮ ಕೈಯಲ್ಲಿರುವ ನಾಣ್ಯದ ಮೇಲೆ ಕಾಣಬೇಕು. ಅಂಚು ಕೈಯಲ್ಲಿ ತಟ್ಟಿದ ಅಕ್ಕಿರೊಟ್ಟಿಯ ಅಂಚಿನ ಹಾಗೆ ಅಲ್ಲಲ್ಲಿ ಸೀಳಿರಬಹುದು. ಚಿತ್ರ ನಡುವಿನಿಂದ ಒಂದು ಬದಿಗೆ ಜರುಗಿರಬಹುದು. ಪೆಟ್ಟು ಒಂದೇ ಸಮ ಬೀಳದೆ ಒಂದು ಕಡೆ ಅಕ್ಷರ ಮಸುಕಾಗಿರಬಹುದು. ಎರಡು ಪೆಟ್ಟು ಬಿದ್ದಿದ್ದರೆ ಗೆರೆಗಳು ಜೋಡಿ ಕಾಣುತ್ತವೆ. ಮುಖವನ್ನು ನೆಟ್ಟಗೆ ಹಿಡಿದು ತಿರುಗಿಸಿದಾಗ ಗುರಾಣಿ ವಾಲಿಕೊಂಡಿದ್ದರೂ ಚಿಂತೆ ಬೇಡ. ಮೇಲಿನ ಅಚ್ಚು ಕೈಯಲ್ಲಿತ್ತು, ಯಾವ ದಿಕ್ಕಿಗೂ ತಿರುಗಬಹುದಿತ್ತು. ವಿಜಯನಗರದ ವರಹವನ್ನು ವಸ್ತುಸಂಗ್ರಹಾಲಯದಲ್ಲಿ ನೋಡಿದವರಿಗೆ ಇದೇನೂ ಹೊಸದಲ್ಲ. ಅದೂ ಕೈಯಲ್ಲೇ ಹೊಡೆದದ್ದು, ಅದರಲ್ಲೂ ಅರ್ಧ ಚಿತ್ರ ಅಂಚಿನಾಚೆ ಹೋಗಿರುವುದು ಮಾಮೂಲು.

ಯಂತ್ರ ಇರಲಿಲ್ಲವಾ ಅಂದರೆ ಇತ್ತು. ಎಲಾಯ್ ಮೆಸ್ಟ್ರೆಲ್ ಎಂಬ ಫ್ರೆಂಚ್ ಕೆಲಸಗಾರ 1561ರಲ್ಲೇ ಲಂಡನ್ ಟವರಿನಲ್ಲಿ ಯಂತ್ರ ಹೂಡಿ ಚೆಂದದ ದುಂಡು ನಾಣ್ಯ ಮಾಡಿ ತೋರಿಸಿದ್ದ. ಸುತ್ತಿಗೆಯವರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಯಂತ್ರದ ಕೆಲಸ ನಿಧಾನ ಅನ್ನುವುದೂ ನಿಜವಾಗಿತ್ತು. ಕೊನೆಗೆ ಅವನ ಕೆಲಸ ಹೋಯಿತು. 1578ರಲ್ಲಿ ಖೋಟಾ ನಾಣ್ಯ ಮಾಡಿದ ಆರೋಪದಲ್ಲಿ ಗಲ್ಲಿಗೇರಿದ. ಸುತ್ತಿಗೆ ಪೂರ್ತಿ ನಿಂತದ್ದು ಎರಡನೇ ಚಾರ್ಲ್ಸ್ ಕಾಲದಲ್ಲಿ, 1662ರಲ್ಲಿ.

ಈಗ ತೂಕ. 1573ರ ಆರು ಪೆನ್ನಿ ಹೊಸದಾಗಿದ್ದಾಗ ಸುಮಾರು 3.1 ಗ್ರಾಂ ಇರಬೇಕಿತ್ತು. ನಿಮ್ಮದು 2.7. ಹೆಚ್ಚುಕಡಿಮೆ ಎಂಟನೇ ಒಂದು ಪಾಲು ಕಾಣೆಯಾಗಿದೆ. ಕೈಯಿಂದ ಕೈಗೆ ಓಡಾಡಿ ಸವೆದದ್ದು ಸ್ವಲ್ಪ. ಮಿಕ್ಕದ್ದನ್ನು ಯಾರೋ ಕತ್ತರಿಸಿಕೊಂಡಿರಬಹುದು. ಆಗ ಇದೊಂದು ದಂಧೆಯೇ ಆಗಿತ್ತು. ನಾಣ್ಯದ ಅಂಚಿನಿಂದ ಎಳೆಯಷ್ಟು ಬೆಳ್ಳಿ ಕತ್ತರಿಸಿಕೊಂಡು, ಉಳಿದದ್ದನ್ನು ಪೂರ್ತಿ ಬೆಲೆಗೇ ಚಲಾಯಿಸುವುದು. ಹೇಗೂ ದುಂಡಗಿಲ್ಲದ ನಾಣ್ಯ, ಯಾರಿಗೆ ಗೊತ್ತಾಗುತ್ತದೆ? ಸಿಕ್ಕಿಬಿದ್ದರೆ ರಾಜದ್ರೋಹದ ಶಿಕ್ಷೆ, ಅಂದರೆ ಮರಣ. ಆದರೂ ನಿಲ್ಲಲಿಲ್ಲ. ಬರಹದ ಹೊರಗಡೆ ಚುಕ್ಕೆಗಳ ಒಂದು ಬಳೆ ಇರಬೇಕು, ನೋಡಿ. ಒಂದು ಕಡೆ ಬಳೆಯಿದ್ದು ಇನ್ನೊಂದು ಕಡೆ ಅಕ್ಷರದ ತಲೆಯೇ ಹೋಗಿದ್ದು, ಅಲ್ಲಿ ಅಂಚು ನೇರವಾಗಿದ್ದರೆ ಕತ್ತರಿ ಆಡಿದೆ ಅಂತಲೇ ಲೆಕ್ಕ.

ನಕಲಿ ಇರಬಹುದಾ? ಎರಡು ಬಗೆಯ ನಕಲಿಗಳಿವೆ. ಒಂದು ಆ ಕಾಲದ ಖೋಟಾ: ಒಳಗೆ ತಾಮ್ರ, ಮೇಲೆ ಬೆಳ್ಳಿಯ ತೆಳು ಹೊದಿಕೆ. ಕೆನ್ನೆ, ಕಿರೀಟದಂಥ ಉಬ್ಬಿದ ಜಾಗದಲ್ಲಿ ಕೆಂಪು ಇಣುಕುತ್ತಿದ್ದರೆ, ಅಂಚಿನಲ್ಲಿ ಹಸಿರು ಕಿಲುಬು ಇದ್ದರೆ ಅದೇ. ಇನ್ನೊಂದು ಈಗಿನ ಅಂಗಡಿ ಮಾಲು. ವಸ್ತುಸಂಗ್ರಹಾಲಯಗಳ ಅಂಗಡಿಯಲ್ಲಿ ಮಕ್ಕಳಿಗೆ ಮಾರುವ ಇಂಥ ನಾಣ್ಯಗಳೂ ಹೊಲ, ತೋಟದಲ್ಲಿ ಬಿದ್ದು ಸಿಗುತ್ತವೆ. ಅವು ದಪ್ಪಗಿರುತ್ತವೆ, ಮೈಯಲ್ಲಿ ಗುಳ್ಳೆಯ ಗುಂಡಿಗಳಿರುತ್ತವೆ, ಅಂಚಿನ ಸುತ್ತ ಎರಕದ ಗೆರೆ ಓಡಿರುತ್ತದೆ. ನಿಮ್ಮದು ತೆಳ್ಳಗಿದೆ, ತೂಕ ನಂಬುವ ಹಾಗಿದೆ, ಬೆಳ್ಳಿಯ ಹಾಗೇ ಬಾಗಿದೆ. ನನ್ನ ಮಟ್ಟಿಗೆ ಇದು ಅಸಲಿ. ಕೈಯಲ್ಲಿ ಹಿಡಿದು ನೋಡಿದವರು ಕೊನೆಯ ಮಾತು ಹೇಳಲಿ.

ಬಾಗಿರುವುದರ ಬಗ್ಗೆ ಒಂದು ಮಾತು. ಒಂದೇ ಕಡೆ ಬಾಗಿದ್ದರೆ ನೇಗಿಲೋ ಟ್ರ್ಯಾಕ್ಟರೋ ಮಾಡಿರುವ ಸಾಧ್ಯತೆ ಜಾಸ್ತಿ. ಎರಡು ಅಂಚು ಎದುರುಬದುರು ದಿಕ್ಕಿಗೆ ಬಾಗಿದ್ದರೆ ಬೇರೆ ಕಥೆ. ಪ್ರೀತಿಯ ಗುರುತಾಗಿ ನಾಣ್ಯವನ್ನು ಹಾಗೆ ಬಗ್ಗಿಸಿ ಕೊಡುವ ರೂಢಿ ಅಲ್ಲಿತ್ತು. 17ನೇ ಶತಮಾನದ ಕೊನೆಯ ಸವೆದ ಆರು ಪೆನ್ನಿಗಳಲ್ಲಿ ಇದು ಹೆಚ್ಚು ಕಾಣುತ್ತದೆ.

ಮುಖ್ಯವಾದ ವಿಷಯಕ್ಕೆ ಬರುತ್ತೇನೆ. 1573 ಅಂತ ಬರೆದಿದೆ ಎಂದಮಾತ್ರಕ್ಕೆ ಅದು 1573ರಲ್ಲಿ ಬಿತ್ತು ಅಂದುಕೊಳ್ಳಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಆಗಿನ ನಾಣ್ಯದ ಬೆಲೆ ಅದರ ಬೆಳ್ಳಿಯಲ್ಲಿತ್ತು. ರಾಣಿ ಸತ್ತರೂ ನಾಣ್ಯ ಸಾಯುತ್ತಿರಲಿಲ್ಲ. ಎಲಿಜಬೆತ್ 1603ರಲ್ಲಿ ತೀರಿಕೊಂಡಳು. ಅವಳ ಶಿಲಿಂಗ್, ಸಿಕ್ಸ್‌ಪೆನ್ಸ್‌ಗಳು 1640ರ ದಶಕದ ಅಂತರ್ಯುದ್ಧದ ಕಾಲದಲ್ಲಿ ಹೂತಿಟ್ಟ ಗಂಟುಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಸುತ್ತಿಗೆ ನಾಣ್ಯಗಳನ್ನು ಚಲಾವಣೆಯಿಂದ ತೆಗೆದದ್ದು 1696ರ ಹೊತ್ತಿಗೆ. ಆಗ ಅವುಗಳಲ್ಲಿ ಬಹಳಷ್ಟು ಕತ್ತರಿ ತಿಂದು ತಿಂದು ಅರ್ಧ ತೂಕಕ್ಕೆ ಬಂದಿದ್ದವು. ಅದೇ ವರ್ಷ ಟಂಕಸಾಲೆಯ ಮೇಲ್ವಿಚಾರಣೆಗೆ ಬಂದವರು ಐಸಾಕ್ ನ್ಯೂಟನ್, ಸೇಬಿನ ಕಥೆಯ ಅದೇ ನ್ಯೂಟನ್.

ಹಾಗಾಗಿ ನಿಮ್ಮ ನಾಣ್ಯ ಆ ನೂರಿಪ್ಪತ್ತು ವರ್ಷದಲ್ಲಿ ಯಾವಾಗ ಬೇಕಾದರೂ ಬಿದ್ದಿರಬಹುದು. ಸವೆತ ನೋಡಿ ಊಹೆ ಮಾಡಬಹುದು. ಕೂದಲಿನ ಗೆರೆ, ಬಟ್ಟೆಯ ಕಸೂತಿ ಚೂಪಾಗಿದ್ದರೆ ಬೇಗ ಬಿದ್ದಿದೆ. ಮುಖ ಬರೀ ಉಬ್ಬಾಗಿ ಉಳಿದಿದ್ದರೆ ಬಹಳ ಕಾಲ ಓಡಾಡಿದೆ. ನೀವು ಹೇಳಿದ ತೂಕಕ್ಕೆ ಎರಡನೆಯದೇ ಸರಿ ಅನ್ನಿಸುತ್ತದೆ.

ಹೊಲಕ್ಕೆ ಹೇಗೆ ಬಂತು ಅನ್ನುವುದಕ್ಕೆ ಚೀಲ ಹರಿದದ್ದೊಂದೇ ಕಾರಣವಾಗಬೇಕಿಲ್ಲ. ಮನೆಯ ಕಸ, ಕೊಟ್ಟಿಗೆಯ ಗೊಬ್ಬರ, ಪಟ್ಟಣದ ಪಾಯಖಾನೆಯ ಮಲ ಎಲ್ಲವೂ ಗಾಡಿಯಲ್ಲಿ ಹೊಲಕ್ಕೆ ಬರುತ್ತಿದ್ದವು. ನೆಲಕ್ಕೆ ಹಾಸಿದ ಹುಲ್ಲಿನಲ್ಲಿ ಬಿದ್ದ ನಾಣ್ಯವೂ ಅದರ ಜೊತೆ ಬಂದುಬಿಡುತ್ತಿತ್ತು. ಆದರೆ ಆರು ಪೆನ್ನಿ ಕಳೆದವರು ಹುಡುಕದೆ ಇದ್ದಿರಲಾರರು. ಭಾನುವಾರ ಚರ್ಚಿಗೆ ಹೋಗದವರಿಗೆ 1559ರ ಕಾನೂನಿನಲ್ಲಿ ಇದ್ದ ದಂಡ 12 ಪೆನ್ನಿ. ಲಂಡನ್ನಿನ ಗ್ಲೋಬ್ ನಾಟಕಶಾಲೆಯಲ್ಲಿ ನಿಂತು ನೋಡಲು ಒಂದು ಪೆನ್ನಿ. ಹಳ್ಳಿಯ ಕೂಲಿಯವನಿಗೆ ಆರು ಪೆನ್ನಿ ಅಂದರೆ ಹೆಚ್ಚುಕಡಿಮೆ ಒಂದು ದಿನದ ದುಡಿಮೆ.

ನಾಣ್ಯ ಅಲ್ಲಿಗೆ ಹೇಗೆ ಬಂತು ಅಂತ ತಿಳಿಯಲು ಸಿಕ್ಕ ಜಾಗ ಮುಖ್ಯ. ಒಂದು ನಾಣ್ಯದಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ. ಅದೇ ಹೊಲದಲ್ಲಿ ಹಿಂದೆ ಅಂಗಿಯ ಗುಂಡಿ, ಬೆಲ್ಟಿನ ಬಕಲು, ಬೇರೆ ನಾಣ್ಯ ಸಿಕ್ಕಿದ್ದರೆ, ಅಲ್ಲೊಂದು ಹಳೆ ದಾರಿಯೋ ಸಂತೆಯೋ ಇತ್ತು ಅನ್ನುವುದಕ್ಕೆ ನಿಮ್ಮದೂ ಒಂದು ಸಾಕ್ಷಿಯಾಗುತ್ತದೆ. ನೆನಪು ಹಸಿಯಾಗಿರುವಾಗಲೇ ಮಗಳ ಜೊತೆ ಹೋಗಿ, ದಾರಿ ಬಿಡದೆ ನಿಂತು, ಫೋನಿನ ಮ್ಯಾಪಿನಲ್ಲಿ ಜಾಗ ಗುರುತು ಮಾಡಿಕೊಳ್ಳಿ. ಆಮೇಲೆ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ಗೆ ಬರೆಯಿರಿ. ಬ್ರಿಟಿಷ್ ಮ್ಯೂಸಿಯಂ ನಡೆಸುವ ಈ ಯೋಜನೆ 1997ರಿಂದ ಇದೆ. ಪ್ರತಿ ಕೌಂಟಿಯ ಕಡೆಗೂ ಇಂಥ ವಸ್ತುಗಳನ್ನು ನೋಡುವ ಅಧಿಕಾರಿ ಇರುತ್ತಾರೆ. ನಾಣ್ಯ ನೋಡಿ, ತೂಗಿ, ಫೋಟೋ ತೆಗೆದು, ದಾಖಲೆ ಮಾಡಿ ವಾಪಸು ಕೊಡುತ್ತಾರೆ. ದುಡ್ಡೇನೂ ಇಲ್ಲ. ಅವರ ಪಟ್ಟಿಯಲ್ಲಿ ಈಗ 15 ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ.

ಯಾರಿಗೆ ಸೇರಿದ್ದು? ಇದನ್ನು ಕೇಳಲು ನಿಮಗೆ ಅಷ್ಟು ಇಷ್ಟ ಆಗಲಿಕ್ಕಿಲ್ಲ. ಕಾಲುದಾರಿಯಲ್ಲಿ ಹೋಗುವ ಹಕ್ಕು ನಿಮಗಿದೆ, ಹೊಲದಲ್ಲಿ ಇದ್ದದ್ದರ ಮೇಲೆ ಇಲ್ಲ. ಉತ್ತಾಗ ಮಣ್ಣಿನಿಂದ ಮೇಲೆ ಬಂದ ನಾಣ್ಯದ ಮೇಲೆ ಸಾಮಾನ್ಯವಾಗಿ ಜಮೀನಿನವರ ಹಕ್ಕೇ ದೊಡ್ಡದು. ಹೋಗಿ ಹೇಳಿ. ಮಗುವಿಗೆ ಸಿಕ್ಕಿತು, ಇಟ್ಟುಕೊಳ್ಳಲಾ ಅಂತ ಕೇಳಿದರೆ ಬಹಳ ರೈತರು ಹೂಂ ಅಂದೇ ಅನ್ನುತ್ತಾರೆ. ಆ ಮಾತನ್ನು ಎರಡು ಸಾಲಿನಲ್ಲಿ ಬರೆಸಿಟ್ಟುಕೊಳ್ಳಿ. ಹುಮ್ಮಸ್ಸಿನಲ್ಲಿ ಮೆಟಲ್ ಡಿಟೆಕ್ಟರ್ ಕೊಂಡು ತಂದು ಒಪ್ಪಿಗೆಯಿಲ್ಲದೆ ಹೊಲಕ್ಕೆ ಇಳಿಯಬೇಡಿ, ಅದು ತೊಂದರೆಗೆ ದಾರಿ.

1996ರ ಟ್ರೆಶರ್ ಆಕ್ಟ್ ಪ್ರಕಾರ ಇಂಥ ಒಂಟಿ ನಾಣ್ಯ ಸಾಮಾನ್ಯವಾಗಿ ‘ನಿಧಿ’ ಅಲ್ಲ. ಅದೇ ಜಾಗದಲ್ಲಿ ಅದರ ಜೊತೆಗಾರ ಇನ್ನೊಂದು ಬೆಳ್ಳಿ ನಾಣ್ಯ ಸಿಕ್ಕಿತೋ, ಲೆಕ್ಕ ಬೇರೆ. 300 ವರ್ಷಕ್ಕಿಂತ ಹಳೆಯ ಎರಡು ಬೆಳ್ಳಿ ಅಥವಾ ಚಿನ್ನದ ನಾಣ್ಯ ಒಟ್ಟಿಗೆ ಇದ್ದವು ಅಂತಾದರೆ ಅದು ನಿಧಿ. 14 ದಿನದೊಳಗೆ ಆ ಕಡೆಯ ಕೊರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ತಿಳಿಸದೆ ಮುಚ್ಚಿಟ್ಟರೆ ಮೂರು ತಿಂಗಳವರೆಗೆ ಜೈಲು ಆಗಬಹುದು. ವಸ್ತುಸಂಗ್ರಹಾಲಯ ಕೊಂಡರೆ ಹಣ ಸಿಕ್ಕಿದವರಿಗೂ ಜಮೀನಿನವರಿಗೂ ಹಂಚಿಕೆಯಾಗುತ್ತದೆ. ನಿಮ್ಮ ನಾಣ್ಯದಲ್ಲಿ ತೂತು ಅಥವಾ ಕೊಕ್ಕೆಯ ಗುರುತು ಇದ್ದರೂ ಅಧಿಕಾರಿಗೆ ಹೇಳಿ. ಆಭರಣ ಮಾಡಿಕೊಂಡ ನಾಣ್ಯ ಒಂದೇ ಇದ್ದರೂ ನಿಧಿಯಾಗಬಹುದು.

ಬೆಲೆಯ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಈ ಸಿಕ್ಸ್‌ಪೆನ್ಸ್ ಅಪರೂಪದ್ದಲ್ಲ. ಹೊಲದಲ್ಲಿ ಸಿಕ್ಕ, ಬಾಗಿದ, ಸವೆದ ಪ್ರತಿಗಳು ಹತ್ತಾರು ಪೌಂಡುಗಳಿಗೆ ಮಾರಾಟವಾಗುತ್ತವೆ. ಮುಖ ಚೊಕ್ಕವಾಗಿ, ಬರಹ ಪೂರ್ತಿಯಾಗಿ ಉಳಿದಿದ್ದರೆ ನೂರು ಪೌಂಡ್ ದಾಟುತ್ತದೆ. ತಿಕ್ಕಿ ಹೊಳಪು ಬರಿಸಿದ್ದನ್ನು ವ್ಯಾಪಾರಿ ಒಂದೇ ನೋಟಕ್ಕೆ ಕಂಡುಹಿಡಿದು ಬೆಲೆ ಇಳಿಸುತ್ತಾನೆ. ಪದಕ ಮಾಡಿಸಿ ಮಗಳ ಸರಕ್ಕೆ ಹಾಕುವ ಯೋಚನೆ ಇದ್ದರೆ ಅದನ್ನೂ ಬಿಡಿ. ಇಡುವುದಕ್ಕೆ ಆಮ್ಲವಿಲ್ಲದ ಕಾಗದದ ಪುಟ್ಟ ಲಕೋಟೆ ಸಾಕು. ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಕಾಲಕ್ರಮೇಣ ಹಸಿರು ಜಿಗುಟು ಹಿಡಿಯುತ್ತದೆ.

ಊರಿಗೆ ಒಯ್ಯುವ ಮಾತು. ಬ್ರಿಟನ್ನಿನ ನೆಲದಿಂದ ಸಿಕ್ಕ ಹಳೆಯ ವಸ್ತುವನ್ನು ದೇಶದ ಹೊರಗೆ ಒಯ್ಯಲು ರಫ್ತು ಪರವಾನಗಿಯ ನಿಯಮಗಳಿವೆ. ಬೆಲೆ ಕಡಿಮೆ ಅಂದಮಾತ್ರಕ್ಕೆ ವಿನಾಯಿತಿ ಅಂತ ತಿಳಿಯಬೇಡಿ. ದಾಖಲೆಗೆ ಕೊಡುವಾಗ ಅದೇ ಅಧಿಕಾರಿಯನ್ನು ಕೇಳಿ, ಉತ್ತರ ಬರುವ ತನಕ ಸೂಟ್‌ಕೇಸಿಗೆ ಹಾಕಬೇಡಿ.

ಮಗಳ ಪ್ರಶ್ನೆ ನನಗೆ ಹಿಡಿಸಿತು. ಈ ನಾಣ್ಯ ಹೊಡೆದಾಗ ಇಂಗ್ಲೆಂಡಿನ ವ್ಯಾಪಾರದ ಹಡಗುಗಳು ನಮ್ಮ ಕಡೆ ಬರುತ್ತಿರಲಿಲ್ಲ. ಇತ್ತ ಕನ್ನಡನಾಡಿನಲ್ಲಿ ತಾಳೀಕೋಟೆ ಯುದ್ಧ ಮುಗಿದು ಎಂಟು ವರ್ಷವಾಗಿತ್ತು. ಈಸ್ಟ್ ಇಂಡಿಯಾ ಕಂಪನಿಗೆ ಇದೇ ಎಲಿಜಬೆತ್ ಸನ್ನದು ಕೊಟ್ಟದ್ದು 1600ರ ಡಿಸೆಂಬರ್ 31ರಂದು. ಪೂರ್ವದ ವ್ಯಾಪಾರಿಗಳು ನಂಬುತ್ತಿದ್ದದ್ದು ಸ್ಪೇನಿನ ಬೆಳ್ಳಿ ರಿಯಾಲನ್ನು. ತನ್ನ ಹೆಸರೂ ಅಲ್ಲಿ ನಡೆಯಲಿ ಅಂತ ಕಂಪನಿಯ ಮೊದಲ ಪಯಣಕ್ಕೆಂದೇ ರಾಣಿ ಬೇರೆ ನಾಣ್ಯ ಹೊಡೆಸಿದಳು. ತೂಕ ಸ್ಪೇನಿನ ರಿಯಾಲಿನದ್ದು, ಮೇಲೆ ಕೋಟೆ ಬಾಗಿಲಿನ ಕಬ್ಬಿಣದ ಜಾಲರಿಯ ಚಿತ್ರ. ಅದು ಓಡಲಿಲ್ಲ. ಪೂರ್ವದ ವ್ಯಾಪಾರಿಗಳಿಗೆ ಗೊತ್ತಿದ್ದ ರಿಯಾಲೇ ಬೇಕಾಗಿತ್ತು, ಹಡಗುಗಳೂ ಮತ್ತೆ ರಿಯಾಲನ್ನೇ ತುಂಬಿಕೊಂಡು ಹೊರಟವು. ಆ ಮೊದಲ ಪಯಣವೂ ಭಾರತಕ್ಕೆ ಬರಲಿಲ್ಲ, ಮೆಣಸು ಹುಡುಕಿಕೊಂಡು ಸುಮಾತ್ರಾ, ಜಾವಾ ಕಡೆ ಹೋಯಿತು. ಕಂಪನಿಯ ಹಡಗು ಹೆಕ್ಟರ್ ಸೂರತ್ ಮುಟ್ಟಿದ್ದು 1608ರಲ್ಲಿ. ಆ ಹಡಗಿನ ಯಾವನೋ ನಾವಿಕನ ಜೇಬಿನಲ್ಲಿ ಹಳೆಯ ಸಿಕ್ಸ್‌ಪೆನ್ಸ್ ಒಂದು ಉಳಿದಿದ್ದರೆ ಆಶ್ಚರ್ಯವಿಲ್ಲ. ಆದರೆ ವ್ಯಾಪಾರದ ಹಣವಾಗಿ ಅದು ನಮ್ಮಲ್ಲಿಗೆ ಬಂದದ್ದಿಲ್ಲ ಅಂತ ಅವಳಿಗೆ ಹೇಳಿ.